ಗುಬ್ಬಿಮರಿಯ ಉತ್ತರ

ಹೊತ್ತು ಇಳಿಯುವ ವೇಳೆಗೆ ಮುತ್ಯಾಲಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಶ್ರೀನಿವಾಸಪುರದ ಆ ಬೀದಿ ಮುಗಿದು ಮಾವಿನ ತೋಪುಗಳು ಶುರುವಾಗುವ ಕಡೆ ದಿಟ್ಟಿಸುತ್ತಾ ಹಾಡು ತೆಗೆಯುತ್ತಿದ್ದಳು.

“ಹೊತ್ತು ಮುಳುಗೋಯ್ತು, ಹಕ್ಕಿ ಗೂಡು ಸೇರ್ತು,
ನನ್ನ ಗುಬ್ಬಿಮರಿ ಎಲ್ಲೋಯ್ತೇ, ಎಲ್ಲೋಯ್ತೇ?”

ಹಾಡಿ, ಸುಮ್ಮನಾಗಿ, ಕಿವಿಗೊಡುತ್ತಿದ್ದಳು. ಅದು ಉತ್ತರ ಬರಬೇಕಾದ ಹಾಡು. ಮಗಳು ಆಶಾರಾಣಿ ಚಿಕ್ಕವಳಿದ್ದಾಗ, ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವ ಕೆಲಸ ಮುಗಿಸಿ ಬಂದ ಮುತ್ಯಾಲಮ್ಮ ಇದೇ ಬಾಗಿಲಲ್ಲಿ ನಿಂತು ಹೀಗೇ ಕರೆಯುತ್ತಿದ್ದಳು. ತೋಪಿನಲ್ಲಿ ಆಡುತ್ತಿದ್ದ ಹುಡುಗಿ ಎಲ್ಲಿದ್ದರೂ ಹಾಡಿನಲ್ಲೇ ಓಗೊಡಬೇಕು.

“ಬಂದೆ ಕಣಮ್ಮ ಬಂದೆ, ಬೇಲಿ ದಾಟಿ ಬಂದೆ,
ಕಾಲ ಧೂಳು ಕೊಡವಿ ನಿನ್ನ ಬಾಗ್ಲಾಗೆ ನಿಂದೆ.”

ಈಗ ಆ ಉತ್ತರ ಬರುತ್ತಿರಲಿಲ್ಲ. ಮುತ್ಯಾಲಮ್ಮನ ನೆನಪು ಸವೆದುಹೋಗಿತ್ತು. ಮಗಳ ಮುಖ ಮರೆತಿದ್ದಳು, ಅಳಿಯನ ಹೆಸರು ಮರೆತಿದ್ದಳು, ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಮಗಳ ಕಂಠ ಒಂದನ್ನು ಮಾತ್ರ ಮರೆತಿರಲಿಲ್ಲ. ಆ ಕಂಠ ಓಗೊಡದಿದ್ದರೆ ಮತ್ತೆ ಕರೆಯುವಳು, ಮತ್ತೆ ಮತ್ತೆ ಕರೆಯುವಳು, ಕೊನೆಗೆ ಎದೆ ಬಡಿದುಕೊಳ್ಳುತ್ತಾ ಬೀದಿಗಿಳಿಯುವಳು.

ಆಶಾರಾಣಿ ಅವಳ ಪಕ್ಕದಲ್ಲೇ ನಿಂತಿರುತ್ತಿದ್ದಳು.

“ಅಮ್ಮಾ, ನಾನೇ. ಇಲ್ಲೇ ಇದ್ದೀನಿ.”

ಗಂಟಲಿನಿಂದ ಬರುತ್ತಿದ್ದುದು ಬರೀ ಗಾಳಿ. ಮುತ್ಯಾಲಮ್ಮ ಬೆಚ್ಚಿ ಹಿಂದೆ ಸರಿಯುತ್ತಿದ್ದಳು. “ಏನೇ ಅದು ಗುಸುಗುಸು ಅಂತೀಯಾ? ಯಾರ್ ಕಳಿಸಿದ್ರು ನಿನ್ನ? ನಮ್ಮ ಅಮ್ಮಾಯಿನ, ನನ್ನ ಮಗಳನ್ನ ಏನ್ ಮಾಡ್ದೆ?”

ಪಿಸುಗುಟ್ಟುವವರು ಏನೋ ಮುಚ್ಚಿಡುವವರೇ ಎಂದು ಮುತ್ಯಾಲಮ್ಮನ ನಂಬಿಕೆ. ಮನೆಯೊಳಗೆ ಸದಾ ಪಿಸುಗುಟ್ಟುತ್ತಾ ಓಡಾಡುವ ಈ ಹೆಂಗಸು ಅನ್ನದಲ್ಲಿ ಏನಾದರೂ ಬೆರೆಸಿರಬಹುದು ಎಂದು ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ಪಕ್ಕದ ಮನೆಯ ಸುನಂದ ಬಂದು ಕೂತರೆ ಎರಡು ತುತ್ತು ತಿಂದಾಳು, ಇಲ್ಲವಾದರೆ ಅದೂ ಇಲ್ಲ. ಮಾತ್ರೆಗಳನ್ನು ದವಡೆಯಲ್ಲಿಟ್ಟುಕೊಂಡು ಆಮೇಲೆ ಉಗಿಯುತ್ತಿದ್ದಳು. ರವಿಕೆಯ ತೋಳು ದಿನದಿನಕ್ಕೆ ಸಡಿಲವಾಗುತ್ತಿತ್ತು.

ಆಶಾರಾಣಿಯ ಗಂಡ ಅನಿಲ್‌ಕುಮಾರ್ ಮಾಲೂರು ತಾಲ್ಲೂಕಿನ ಲಕ್ಕೂರು ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲೇ ರೂಮು ಮಾಡಿಕೊಂಡು ಭಾನುವಾರ ಬಂದು ಹೋಗುತ್ತಿದ್ದ. ಉಳಿದ ದಿನಗಳಲ್ಲಿ ಆ ಮನೆಯಲ್ಲಿ ಇವರಿಬ್ಬರೇ, ಕರೆಯುವ ತಾಯಿ ಮತ್ತು ಓಗೊಡಲಾರದ ಮಗಳು.

ಒಂದು ಕಾಲದಲ್ಲಿ ಕೋಲಾರ, ಮುಳಬಾಗಿಲು, ಮಾಲೂರು ಎಲ್ಲ ಕಡೆಯೂ ಆಶಾರಾಣಿಯ ಕಂಠ ಗೊತ್ತಿತ್ತು. ಮದುವೆ ಆರತಕ್ಷತೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಅವಳಿದ್ದ ಆರ್ಕೆಸ್ಟ್ರಾ ಹಾಡುತ್ತಿತ್ತು. ಕನ್ನಡ, ತೆಲುಗು ಎರಡರಲ್ಲೂ ಸೈ. ಕುರುಡುಮಲೆಯಲ್ಲಿ ಒಂದು ಸಲ ಕರೆಂಟು ಹೋಗಿ ಮೈಕು ಸತ್ತಾಗಲೂ ಅವಳು ಹಾಡು ನಿಲ್ಲಿಸಿರಲಿಲ್ಲ, ಹಿಂದೆ ಕೂತವರಿಗೂ ಕೇಳಿಸಿತ್ತು. ಆಮೇಲೆ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಬೆಳೆಯಿತು. ಧ್ವನಿಯ ನರ ಗಂಟಿಗೆ ಸುತ್ತಿಕೊಂಡಿದೆ, ಉಳಿಸುವುದು ಕಷ್ಟ, ಆದರೆ ಗಂಟು ಬಿಟ್ಟರೆ ಜೀವಕ್ಕೇ ಅಪಾಯ ಎಂದು ಕೋಲಾರದ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಜೀವ ಉಳಿಯಿತು.

ಆಪರೇಷನ್ ಆಗಿ ಕೆಲವು ತಿಂಗಳಿಗೆ ಮುಳಬಾಗಿಲಿನ ಮುಖ್ತಿಯಾರ್ ಮನೆಗೆ ಬಂದಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪಾತ್ರೆ ಅಂಗಡಿಯ ಮೇಲೆ ಅವನ ರೆಕಾರ್ಡಿಂಗ್ ಸ್ಟುಡಿಯೊ. ಆಶಾರಾಣಿ ಹಾಡಿದ ಭಕ್ತಿಗೀತೆಗಳೆಲ್ಲ ಅಲ್ಲೇ ಆದದ್ದು. “ನೋಡಿ ಆಶಮ್ಮ, ಈಗ ಒಂದು ಸಾಫ್ಟ್‌ವೇರ್ ಬಂದದೆ. ನಿಮ್ಮ ಹಳೇ ಟ್ರ್ಯಾಕ್ ಎಲ್ಲಾ ನನ್ನ ಹತ್ರ ಅವೆ, ವಾದ್ಯ ಇಲ್ದೆ, ಬರೀ ನಿಮ್ಮ ಧ್ವನಿ. ಅದನ್ನ ಕಲ್ಸಿದ್ರೆ ಆ ಸಾಫ್ಟ್‌ವೇರ್ ನಿಮ್ಮ ಕಂಠದಲ್ಲೇ ಹಾಡ್ತದೆ. ಹೊಸಾ ಹಾಡೂ ಹಾಡ್ತದೆ. ನೀವು ಹ್ಞೂಂ ಅನ್ನಿ ಸಾಕು.”

ಆಶಾರಾಣಿ ಎದ್ದು ಬಾಗಿಲ ಕಡೆ ಕೈ ತೋರಿಸಿದ್ದಳು. ನಾನಿನ್ನೂ ಸತ್ತಿಲ್ಲ ಎನ್ನಬೇಕೆಂದಿದ್ದಳು. ಗಾಳಿ ಸಾಲದೆ ಹೋಗಿತ್ತು.

ಈಗ ಅದೇ ಮುಖ್ತಿಯಾರನ ಮೆಟ್ಟಿಲನ್ನು ಅವಳೇ ಹತ್ತಿದಳು. ತಾಯಿಯನ್ನು ಸುನಂದಳ ಸುಪರ್ದಿಗೆ ಬಿಟ್ಟು, ಬೆಳಗಿನ ಬಸ್ಸಿಗೆ ಬಂದಿದ್ದಳು. ಅವನು ಕುರ್ಚಿ ಎಳೆದು ಕೊಟ್ಟ. ಹಳೆಯದರ ಮಾತೆತ್ತಲಿಲ್ಲ.

“ನನ್ನ ಧ್ವನಿ ಬೇಕು ಭಾಯ್. ಎರಡೇ ಸಾಲು,” ಎಂದಳು. ಅಷ್ಟನ್ನು ಹೇಳುವುದರಲ್ಲಿ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ತಾಯಿಯ ಸ್ಥಿತಿಯನ್ನು ಮೊಬೈಲಿನಲ್ಲಿ ಟೈಪು ಮಾಡಿ ತೋರಿಸಿದಳು.

ಓದಿ ಮುಖ್ತಿಯಾರ್ ಕನ್ನಡಕ ತೆಗೆದ. “ಧ್ವನಿ ತಯಾರ್ ಮಾಡ್ತೀನಿ. ಅದು ಕೆಲವು ದಿನದ ಕೆಲ್ಸ. ಆದ್ರೆ ಹಾಡು ಎಲ್ಲೈತೆ? ಎಲ್ಲಾದ್ರೂ ರೆಕಾರ್ಡ್ ಆಗದೆಯಾ?”

ಇಲ್ಲ ಎಂದು ತಲೆಯಾಡಿಸಿದಳು. ಮನೆಯ ಬಾಗಿಲಿಗೂ ತೋಪಿಗೂ ನಡುವೆ ಹಾಡಿದ ಹಾಡು ಅದು. ವೇದಿಕೆಗೆ ತಂದದ್ದೇ ಇಲ್ಲ.

“ಮತ್ತೆ ಯಾರಿಗೆ ಬರ್ತದೆ?”

ಅವಳು ತನ್ನ ಎದೆ ಮುಟ್ಟಿಕೊಂಡಳು.

ಅದೇ ತೊಡಕಾಯಿತು. ಆ ಸಾಫ್ಟ್‌ವೇರಿಗೆ ಸ್ವರ ಯಾವುದು, ಎಷ್ಟು ಹೊತ್ತು, ಯಾವ ಅಕ್ಷರ ಎಂಬುದೆಲ್ಲವನ್ನೂ ಕಂಪ್ಯೂಟರ್ ತೆರೆಯ ಮೇಲೆ ಒಂದೊಂದಾಗಿ ಇಡಬೇಕು. ಇಟ್ಟದ್ದನ್ನು ಅದು ಹಾಡುತ್ತದೆ. ತಾಯಿಯ ಸಾಲುಗಳನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದಳು, ಆದರೆ ಮಗಳ ಉತ್ತರದ ಧಾಟಿಯೇ ಬೇರೆ. ಅದು ಮೇಲಿನಿಂದ ಶುರುವಾಗಿ, ‘ಬೇಲಿ’ ಎಂಬಲ್ಲಿ ಒಂದು ತಿರುವು ತಿರುಗಿ ಇಳಿಯುತ್ತಿತ್ತು. ಆ ತಿರುವು ಅವಳ ತಲೆಯೊಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹೊರಗೆ ತರಲು ಗಂಟಲಿಲ್ಲ.

ಮುಖ್ತಿಯಾರ್ ಕೀಬೋರ್ಡಿನಲ್ಲಿ ಒಂದು ಸ್ವರ ಒತ್ತುವನು. ಅವಳು ಕೈ ಮೇಲೆತ್ತುವಳು, ಇನ್ನೂ ಮೇಲೆ. ಮುಂದಿನದನ್ನು ಒತ್ತುವನು. ಅಷ್ಟಲ್ಲ, ಸ್ವಲ್ಪ ಕೆಳಗೆ. ಎರಡು ಕೀಗಳ ನಡುವೆ ಎಲ್ಲೋ ಇತ್ತು ಅದು. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದು ಮತ್ತೆ ಕೂತ. ಅವಳು ತಂದ ಚಿತ್ರಾನ್ನದ ಡಬ್ಬಿ ಮುಚ್ಚಿದಂತೆಯೇ ಇತ್ತು. ಸಂಜೆ ಹೊತ್ತಿಗೆ ಅವಳು ನೆಲಕ್ಕೆ ಕೂತು ಎರಡು ಕೈಯಲ್ಲೂ ಗಂಟಲನ್ನು ಹಿಸುಕಿಕೊಂಡು, ಸದ್ದಿಲ್ಲದೆ ಬಾಯಿ ತೆರೆದು ಅತ್ತಳು. ಅತ್ತರೂ ಕೇಳಿಸುತ್ತಿರಲಿಲ್ಲ.

“ಕೈ ತೆಗೀರಿ ಆಶಮ್ಮ. ಗಂಟ್ಲಿಗೇನು ಗೊತ್ತು ಪಾಪ,” ಎಂದ ಮುಖ್ತಿಯಾರ್. “ನಾಳೆ ಬನ್ನಿ.”

ಮರುದಿನ, ಅದರ ಮರುದಿನ, ಆ ವಾರವೆಲ್ಲ ಬಂದಳು. ತೆರೆಯ ಮೇಲೆ ಸ್ವರ ಏರಿಳಿಯುವುದು ಒಂದು ಗೆರೆಯಾಗಿ ಕಾಣುತ್ತದೆ, ಮೌಸಿನಿಂದ ಆ ಗೆರೆಯನ್ನು ಬಗ್ಗಿಸಬಹುದು ಎಂದು ಗೊತ್ತಾದ ಮೇಲೆ ಅವನ ಕೈಯಿಂದ ಮೌಸನ್ನು ತಾನೇ ತೆಗೆದುಕೊಂಡಳು. ಗೆರೆ ಎಳೆಯುವಳು, ಕೇಳುವಳು, ಅಳಿಸುವಳು. ತನ್ನದೇ ಕಂಠ ಸ್ಪೀಕರಿನಿಂದ ಮೊದಲ ಸಲ ಹೊರಟಾಗ ಅವಳ ಮೈ ಜುಂ ಎಂದಿತು. ಖುಷಿಯಲ್ಲ. ತನ್ನ ಸೀರೆಯನ್ನು ಬೇರೆ ಯಾರೋ ಉಟ್ಟುಕೊಂಡು ಎದುರಿಗೆ ಬಂದು ನಿಂತ ಹಾಗಿತ್ತು. ಆ ಕಂಠ ‘ಧೂಳು’ ಎನ್ನಲಾರದೆ ‘ಧೂಲು’ ಎನ್ನುತ್ತಿತ್ತು. ಯಾವುದೋ ದೇಶದವರು ಮಾಡಿದ ಸಾಫ್ಟ್‌ವೇರ್, ಅದಕ್ಕೆ ಕನ್ನಡದ ‘ಳ’ ಸರಿಯಾಗಿ ದಕ್ಕಿರಲಿಲ್ಲ. ಮುಖ್ತಿಯಾರ್ ಹಳೆಯ ಟ್ರ್ಯಾಕುಗಳಲ್ಲಿ ಹುಡುಕಿ ಅವಳದೇ ಒಂದು ‘ಳು’ ಕತ್ತರಿಸಿ ತಂದು ಜೋಡಿಸಿದ.

ಕೊನೆಗೊಂದು ದಿನ ‘ಬೇಲಿ’ಯ ತಿರುವು ತಿರುಗಿತು. ಆಶಾರಾಣಿ ಮೌಸು ಬಿಟ್ಟು ಕೈ ಹಿಂದಕ್ಕೆಳೆದುಕೊಂಡಳು. ಮುಖ್ತಿಯಾರ್ ಅವಳ ಮುಖ ನೋಡಿ ಹಾಡನ್ನು ಮೊಬೈಲಿಗೆ ಹಾಕಿಕೊಟ್ಟ.

ಆ ಸಂಜೆ ತಾಯಿ ಬಾಗಿಲಿಗೆ ಬರುವ ಮೊದಲೇ ಆಶಾರಾಣಿ ಬೀದಿಗೆ ಹೋಗಿ ಹುಣಸೆಮರದ ಹಿಂದೆ ನಿಂತಳು. ಮುತ್ಯಾಲಮ್ಮ ಬಂದಳು, ಕೈ ಅಡ್ಡ ಹಿಡಿದಳು, ಕರೆದಳು. ಆಶಾರಾಣಿ ಒತ್ತಿದಳು.

“ಬಂದೆ ಕಣಮ್ಮ ಬಂದೆ, ಬೇಲಿ ದಾಟಿ ಬಂದೆ...”

ಮುತ್ಯಾಲಮ್ಮನ ಕೈ ಹಣೆಯಿಂದ ಜಾರಿತು. ಸುಕ್ಕುಗಟ್ಟಿದ ಆ ಮುಖ ಹಾಗೆ ಅರಳಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. “ಬಂದ್ಯಾ ತಾಯಿ? ಬಾ ಬಾ, ಕತ್ತಲಾಯ್ತು,” ಎಂದು ಎರಡೂ ಕೈ ಚಾಚಿದಳು.

ಆಶಾರಾಣಿ ಮರದ ಹಿಂದಿನಿಂದ ಓಡೋಡಿ ಬಂದು ಆ ಕೈಗಳ ಮುಂದೆ ನಿಂತಳು. ಮುತ್ಯಾಲಮ್ಮ ಅವಳ ಭುಜದ ಮೇಲಿಂದ ಬೀದಿಯ ಕಡೆ ನೋಡಿದಳು. ಪಕ್ಕಕ್ಕೆ ಬಾಗಿ ನೋಡಿದಳು.

“ಎಲ್ಲಮ್ಮ ನನ್ನ ಮಗು? ಈಗ ಓಗೊಟ್ಲಲ್ಲ.”

“ನಾನೇ ಅಮ್ಮ.”

“ನೀನು ತಡೆದ್ಯಾ ಅವಳನ್ನ? ನೀನೇ ತಡೆದಿರೋಳು.” ಮುತ್ಯಾಲಮ್ಮನ ಉಗುರು ಮಗಳ ಕೆನ್ನೆಯನ್ನು ಗೀರಿತು. ಇಷ್ಟು ದಿನ ಮಗಳು ಎಲ್ಲಿದ್ದಾಳೋ ಎಂಬ ಹಂಬಲವಿತ್ತು. ಈಗ ಹತ್ತಿರದಲ್ಲೇ ಇದ್ದಾಳೆ, ಯಾರೋ ಬರಗೊಡುತ್ತಿಲ್ಲ ಎಂಬುದು ಖಾತ್ರಿಯಾಗಿಬಿಟ್ಟಿತು. ಆ ಸಂಜೆ ಅವಳನ್ನು ಒಳಗೆ ಕರೆತರಲು ಸುನಂದ, ಅವಳ ಗಂಡ ವೆಂಕಟ್ ಇಬ್ಬರೂ ಬರಬೇಕಾಯಿತು.

ಆಶಾರಾಣಿ ಮತ್ತೆ ಆ ಹಾಡು ಹಾಕಲಿಲ್ಲ. ಆದರೆ ಮೊದಲ ಗಳಿಗೆಯ ಆ ಅರಳಿದ ಮುಖವನ್ನು ಸುನಂದಳೂ ತನ್ನ ಬಾಗಿಲಿನಿಂದ ನೋಡಿದ್ದಳು, ಹಾಡನ್ನು ತನ್ನ ಮೊಬೈಲಿಗೂ ಕಳಿಸಿಕೊಂಡಿದ್ದಳು. ಕೆಲವು ದಿನ ಕಳೆದು ಆಶಾರಾಣಿ ತಾಯಿಯ ಮಾತ್ರೆಗೆಂದು ಕೋಲಾರಕ್ಕೆ ಹೋಗಿದ್ದಾಗ ಮುತ್ಯಾಲಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು. ಬೇರೆ ದಾರಿ ಕಾಣದೆ ಸುನಂದ ಅಂಗಳದಿಂದ ಹಾಡು ಹಾಕಿದಳು. ತಲೆ ಚಚ್ಚುವುದು ನಿಂತಿತು. ಸುನಂದ ನಿಟ್ಟುಸಿರುಬಿಟ್ಟು ಒಲೆ ಆರಿಸಿ ಬರಲು ತನ್ನ ಮನೆಗೆ ಹೋದಳು. ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

ಆಶಾರಾಣಿ ಬಸ್ಸಿಳಿದಾಗ ಬೀದಿಯವರೆಲ್ಲ ಹುಡುಕುತ್ತಿದ್ದರು. “ನನ್ನಿಂದಾನೇ ಆಯ್ತು ಕಣಕ್ಕಾ,” ಎಂದು ಸುನಂದ ಅವಳ ಕೈ ಹಿಡಿದಳು. ಆಶಾರಾಣಿ ಕೈ ಬಿಡಿಸಿಕೊಂಡು ತೋಪಿನ ಕಡೆ ಓಡಿದಳು.

ಕಾಯಿ ತುಂಬಿ ಬಾಗಿದ್ದ ಮರಗಳ ಸಾಲು ಸಾಲು, ಕೆಳಗೆ ಆಗಲೇ ಮಬ್ಬು. ಅಲ್ಲೊಬ್ಬರು ಇಲ್ಲೊಬ್ಬರು “ಮುತ್ಯಾಲಮ್ಮಾ” ಎಂದು ಕೂಗುತ್ತಿದ್ದರು. ಗಂಡಸರ ಆ ಕೂಗಿಗೆ ಅಮ್ಮ ಹೆದರಿ ಇನ್ನಷ್ಟು ಒಳಗೆ ಅಡಗುತ್ತಾಳೆ ಎಂದು ಆಶಾರಾಣಿಗೆ ಗೊತ್ತಿತ್ತು. ತಾನು ಕೂಗಬೇಕು. ಬಾಯಿ ತೆರೆದಳು. ಅಮ್ಮಾ ಎಂದಳು. ಪಕ್ಕದ ಕೊಂಬೆಯ ಮೇಲಿದ್ದ ಕಾಗೆ ಕೂಡ ಕದಲಲಿಲ್ಲ. ಮತ್ತೆ ಎಂದಳು, ಹೊಟ್ಟೆಯನ್ನು ಕೈಯಿಂದ ಒತ್ತಿ ಹಿಡಿದು ಎಂದಳು. ಕಣ್ಣು ಕತ್ತಲಿಟ್ಟು ಮರಕ್ಕೆ ಒರಗಿದಳು.

ಕೈಯಲ್ಲಿ ಮೊಬೈಲಿತ್ತು. ಅದರ ಸದ್ದು ಎಷ್ಟು ದೂರ ಹೋದೀತು? ಆಗ ನೆನಪಾದದ್ದು ವೆಂಕಟನ ಆಟೊ. ಅವನು ಊರೂರಿಗೆ ಟೊಮೆಟೊ, ಸೊಪ್ಪು ಮಾರುತ್ತಿದ್ದ ಆಟೊದ ಮೇಲೆ ಒಂದು ದೊಡ್ಡ ಮೈಕಿತ್ತು. ಓಡಿಹೋಗಿ ಅವನ ತೋಳು ಹಿಡಿದೆಳೆದು, ಮೈಕನ್ನೂ ಮೊಬೈಲನ್ನೂ ತೋರಿಸಿದಳು. ವೆಂಕಟನಿಗೆ ಅರ್ಥವಾಯಿತು.

ತೋಪಿನ ಗಾಡಿದಾರಿಯಲ್ಲಿ ಆಟೊ ಮೆಲ್ಲಗೆ ಹೊರಟಿತು. ಆಶಾರಾಣಿ ಅದರ ಮುಂದೆ ನಡೆದಳು. ಅವಳ ತಲೆಯ ಮೇಲಿಂದ, ಮರಗಳ ಮೇಲಿಂದ, ಅವಳ ಕಂಠ ಊರಿಗೇ ಕೇಳಿಸುವಂತೆ ಹಾಡುತ್ತಿತ್ತು. ಬಂದೆ ಕಣಮ್ಮ ಬಂದೆ. ಹಾಡು ಮುಗಿದೊಡನೆ ವೆಂಕಟ್ ಇಂಜಿನ್ ನಿಲ್ಲಿಸುವನು. ಎಲ್ಲರೂ ಕಿವಿಗೊಡುವರು. ಏನೂ ಇಲ್ಲ. ಮತ್ತೆ ಸ್ವಲ್ಪ ಮುಂದೆ. ಮತ್ತೆ ಹಾಡು. ಏನೂ ಇಲ್ಲ. ಆ ಕಂಠಕ್ಕೆ ಆಯಾಸವಿರಲಿಲ್ಲ, ಗಾಬರಿಯಿರಲಿಲ್ಲ. ಪ್ರತಿ ಸಲವೂ ಅದೇ ಹುರುಪಿನಿಂದ ಬಂದೆ ಎನ್ನುತ್ತಿತ್ತು. ಅದನ್ನು ಕೇಳಿ ಕೇಳಿ ಆಶಾರಾಣಿಗೆ ಮೈಕಿಗೆ ಕಲ್ಲು ಬೀರಬೇಕೆನಿಸಿತು.

ತೋಪಿನ ಆಚೆ ಕೊನೆಯಲ್ಲಿ ಇಂಜಿನ್ ನಿಂತಾಗ ಸಣ್ಣಗೆ ಕೇಳಿಸಿತು.

“...ಎಲ್ಲೋಯ್ತೇ, ಎಲ್ಲೋಯ್ತೇ?”

ಬೇಲಿಯ ಪಕ್ಕ ತೋಡಿದ್ದ ಟ್ರೆಂಚಿನಲ್ಲಿ ಮುತ್ಯಾಲಮ್ಮ ಒಂದು ಕಾಲು ಸೊಟ್ಟಗೆ ಮಡಚಿಕೊಂಡು ಬಿದ್ದಿದ್ದಳು. ಆಶಾರಾಣಿ ಧುಮುಕಿ ಅವಳ ತಲೆಯನ್ನು ತೊಡೆಗೆತ್ತಿಕೊಂಡಳು.

“ಬಿಡಮ್ಮ ನನ್ನ. ಮಗು ಕರೀತಾವ್ಳೆ, ಕೇಳಿಸ್ಲಿಲ್ವಾ?” ಮುತ್ಯಾಲಮ್ಮ ಅವಳ ಎದೆಗೆ ಕೈಯೊತ್ತಿ ದೂಡಿದಳು. ದೂಡುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಕೋಲಾರದಲ್ಲಿ ರಾಡು ಹಾಕಿ ಕಳಿಸಿದರು. ಇನ್ನು ಎದ್ದು ಓಡಾಡುವುದು ಕಷ್ಟ, ಹೊಟ್ಟೆಗೆ ಸರಿಯಾಗಿ ಬಿದ್ದರೆ ಗಾಯ ಮಾಯುತ್ತದೆ, ಇಲ್ಲದಿದ್ದರೆ ಹೇಳಲಾಗುವುದಿಲ್ಲ ಎಂದರು. ಅನಿಲ್‌ಕುಮಾರ್ ರಜೆ ಹಾಕಿ ಬಂದು ನಾಲ್ಕು ದಿನ ಇದ್ದ. ಹೋಗುವ ದಿನ ಹೆಂಡತಿಯ ಹತ್ತಿರ ಕೂತು, “ಆ ಹಾಡನ್ನ ಅಳಿಸಿಬಿಡೇ. ಇಷ್ಟೆಲ್ಲಾ ಆಗಿದ್ದು ಸಾಕು,” ಎಂದ.

ಆಶಾರಾಣಿ ಅಳಿಸಲಿಲ್ಲ. ಮುತ್ಯಾಲಮ್ಮ ಈಗ ಮಂಚದ ಮೇಲಿಂದಲೇ ಕರೆಯುತ್ತಿದ್ದಳು. ಉತ್ತರ ಬಾರದಿದ್ದರೆ ಏಳಲು ಹೆಣಗುವಳು, ಹೊಲಿಗೆಯಿಂದ ರಕ್ತ ಒಸರುವುದು. ಉತ್ತರ ಬಂದರೂ ಮಗಳನ್ನು ಎದುರುಗೊಳ್ಳಲು ಏಳಹೋಗುವಳು. ಮಗಳ ಕೈಯ ತುತ್ತಿಗೆ ಮಾತ್ರ ಹಲ್ಲು ಕಚ್ಚಿ ಬಾಯಿ ಮುಚ್ಚುವಳು. ಬಾಗಿಲ ಬಳಿ ಗಂಜಿ ಬಟ್ಟಲು ಹಿಡಿದು ನಿಂತ ಒಂದು ಮಧ್ಯಾಹ್ನ ಆಶಾರಾಣಿಗೆ ಹೊಳೆಯಿತು. ಅಮ್ಮ ನಂಬುವುದು ಆ ಕಂಠವನ್ನು ಮಾತ್ರ. ಹಾಗಾದರೆ ಆ ಕಂಠವೇ ಹೇಳಲಿ.

ಮತ್ತೆ ಮುಳಬಾಗಿಲಿಗೆ ಹೋದಳು. ಹೊಸ ಸಾಲುಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಮುಖ್ತಿಯಾರ್ ಓದಿ ಮೊಬೈಲನ್ನು ಅವಳ ಕೈಗೇ ವಾಪಸು ಕೊಟ್ಟ.

“ಇದನ್ನ ಕೇಳಿಸ್ಬಿಟ್ರೆ ಆಮೇಲೆ ನೀವು ಮಗಳು ಅಂತ ಅವರ ಮುಂದೆ ನಿಲ್ಲೋ ಹಾಗಿಲ್ಲ ಆಶಮ್ಮ. ಯೋಚ್ನೆ ಮಾಡಿ.”

“ಮಾಡಿದ್ದೀನಿ ಭಾಯ್. ಅಮ್ಮ ತಿನ್ಲಿ.”

ಈ ಸಲ ಗೆರೆ ಎಳೆಯಲು ತಡವಾಗಲಿಲ್ಲ. ಧಾಟಿ ಅದೇ, ಮಾತು ಬೇರೆ.

ಆ ಸಂಜೆ ಮೊಬೈಲನ್ನು ಕಿಟಕಿಯ ಹೊರಗೆ ಸುನಂದಳ ಕೈಗೆ ಕೊಟ್ಟು, ಆಶಾರಾಣಿ ಮಂಚದ ಪಕ್ಕ ಕೂತಳು. ಮುತ್ಯಾಲಮ್ಮ ಕರೆದಳು. ಕಿಟಕಿಯಾಚೆಯಿಂದ ಉತ್ತರ ಬಂತು.

“ಬರ್ತೀನಿ ಕಣಮ್ಮ ಬರ್ತೀನಿ, ಇವತ್ತು ತಡವಾಯ್ತು, ನೀ ಮಲಗೇ,
ನಿನ್ನ ಮಗ್ಗುಲಾಗಿರೋಳು ನನ್ನ ಗೆಳತಿ, ಅವಳ ಕೈಯಾಗೆ ಉಣ್ಣೇ.”

ಮುತ್ಯಾಲಮ್ಮ ಏಳಹೋಗಲಿಲ್ಲ. ದಿಂಬಿನ ಮೇಲೆ ತಲೆ ಹೊರಳಿಸಿ, ಪಕ್ಕದಲ್ಲಿ ಕೂತವಳನ್ನು ಮೊದಲ ಸಲ ನೋಡುವಂತೆ ನೋಡಿದಳು. ಕೆನ್ನೆಯ ಮೇಲೆ ಉಳಿದಿದ್ದ ಗೀರಿನ ಕಲೆಯನ್ನೂ ನೋಡಿದಳು.

“ಅವಳ ಜೊತೆಯೋಳಾ ನೀನು? ಮೊದ್ಲೇ ಹೇಳ್ಬಾರ್ದಾ?”

ಆಶಾರಾಣಿ ಹೌದೆಂದು ತಲೆಯಾಡಿಸಿದಳು.

“ಗಂಟ್ಲಿಗೇನಾಯ್ತು?”

“ನೆಗಡಿ ಕಣಮ್ಮ.”

“ಶುಂಠಿ ಕಷಾಯ ಕುಡಿ. ಅವಳಿಗೂ ಹೇಳು, ಹಾಡೋರು ಗಂಟ್ಲು ನೋಡ್ಕೋಬೇಕು.” ಮುತ್ಯಾಲಮ್ಮ ಬಾಯಿ ತೆರೆದಳು. ಆಶಾರಾಣಿ ಗಂಜಿಯ ಚಮಚವನ್ನು ಒಳಗಿಟ್ಟಳು. ನುಂಗಿದಳು. ಇನ್ನೊಂದು ಇಟ್ಟಳು. ಅದನ್ನೂ ನುಂಗಿದಳು. ಕಿಟಕಿಯಾಚೆ ಸುನಂದ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

“ನಿನ್ನ ಹೆಸ್ರೇನು?”

ಅದಕ್ಕೆ ಆಶಾರಾಣಿ ಸಿದ್ಧಳಾಗಿ ಬಂದಿರಲಿಲ್ಲ. ಚಮಚ ಬಟ್ಟಲಲ್ಲೇ ನಿಂತಿತು.

“ರತ್ನ,” ಎಂದಳು.

“ಒಳ್ಳೇ ಹೆಸ್ರು. ರತ್ನಾ, ಇನ್ನೊಂದು ಸ್ವಲ್ಪ ಉಪ್ಪು ಹಾಕು.”

ಆಶಾರಾಣಿ ಎದ್ದು ಅಡುಗೆಮನೆಗೆ ಹೋದಳು. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು, ಗೋಡೆಗೆ ಹಣೆ ಆನಿಸಿ ನಿಂತಳು. ಒಳಗಿನಿಂದ ತಾಯಿ ಮತ್ತೆ “ರತ್ನಾ” ಎಂದು ಕರೆದಳು. ಅವಳು ಕಣ್ಣೊರೆಸಿಕೊಂಡು, “ಬಂದೆ,” ಎಂದು ಯಾರಿಗೂ ಕೇಳಿಸದಂತೆ ಹೇಳಿ, ಉಪ್ಪು ಹಿಡಿದು ಹೋದಳು.